ಪ್ರಿನ್ಸಿಪಾಲ್ ಆಗಲು ಕೆಲಸ ಬಿಟ್ಟು ಓದಲೇಬೇಕಾ?

ಪ್ರಶ್ನೆ: ನಾನು ಎಂ.ಎಸ್ಸಿ., ಬಿ.ಎಡ್. ಮಾಡಿದ್ದೇನೆ. ಬೆಂಗಳೂರಿನ ಸಿಬಿಎಸ್‌ಇ ಶಾಲೆಯೊಂದರಲ್ಲಿ 11 ವರ್ಷದಿಂದ ಗಣಿತ ಟೀಚರ್. ಮುಂದಿನ ವರ್ಷ ನಮ್ಮ ವೈಸ್ ಪ್ರಿನ್ಸಿಪಾಲ್ ನಿವೃತ್ತರಾಗುತ್ತಾರೆ. ಆ ಜಾಗಕ್ಕೆ ನಿಮ್ಮನ್ನೇ ನೋಡುತ್ತೇವೆ, ಆಡಳಿತದ ಓದು ಏನಾದರೂ ಇರಲಿ ಎಂದಿದ್ದಾರೆ ಮ್ಯಾನೇಜ್‌ಮೆಂಟಿನವರು. ಮಕ್ಕಳು ಚಿಕ್ಕವರು, ಸಂಬಳ ಬಿಟ್ಟು ಓದಲು ಆಗುವುದಿಲ್ಲ. ‘ಮೂರೇ ತಿಂಗಳಲ್ಲಿ ಸರ್ಟಿಫೈಡ್ ಪ್ರಿನ್ಸಿಪಾಲ್’ ಎಂಬ ಆನ್‌ಲೈನ್ ಕೋರ್ಸ್ ನೋಡಿದೆ. ಫೀಸು 80 ಸಾವಿರ. ಸೇರಲಾ?
– ಎಸ್., ವಿಜಯನಗರ

ಉತ್ತರ: ಮೇಡಂ, ದಯವಿಟ್ಟು ಆ ದುಡ್ಡು ಕಟ್ಟಬೇಡಿ. ಅಮೆರಿಕದ ಕ್ಯಾಲಿಫೋರ್ನಿಯಾದಂಥ ಕಡೆ ಶಾಲೆಯ ಆಡಳಿತಕ್ಕೆ ಬರುವವರು ಬೇರೆಯದೇ ಲೈಸೆನ್ಸ್ ಪಡೆಯಬೇಕು. ಕೆಲಸ ಮಾಡುತ್ತಲೇ ಅದನ್ನು ಪಡೆಯುವ ದಾರಿಯೂ ಅಲ್ಲಿದೆ. ನಮ್ಮಲ್ಲಿ ಅಂಥ ಲೈಸೆನ್ಸೇ ಇಲ್ಲ. ಇಲ್ಲಿ ನೋಡುವುದು ಪದವಿ, ಬಿ.ಎಡ್. ಮತ್ತು ಪಾಠ ಮಾಡಿದ ಅನುಭವ. ಇವು ಮೂರೂ ನಿಮ್ಮ ಕೈಯಲ್ಲಿವೆ. ವೈಸ್ ಪ್ರಿನ್ಸಿಪಾಲ್ ಹುದ್ದೆಗೆ ಎಷ್ಟು ವರ್ಷದ ಅನುಭವ ಬೇಕು ಎಂಬುದನ್ನು ಮಾತ್ರ ಸಿಬಿಎಸ್‌ಇಯ ಅಫಿಲಿಯೇಷನ್ (ಶಾಲೆಗಳ ಸಂಯೋಜನೆ) ನಿಯಮಗಳಲ್ಲೇ ಓದಿಕೊಳ್ಳಿ. ಏಜೆಂಟರ ಮಾತು ನಂಬಬೇಡಿ.

ಓದಿಗೆ ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಪಿಜಿಡಿಇಎಂಎ ನಿಮಗೆ ಸರಿಹೊಂದುತ್ತದೆ. ಶಿಕ್ಷಣ ನಿರ್ವಹಣೆ ಮತ್ತು ಆಡಳಿತದ ಸ್ನಾತಕೋತ್ತರ ಡಿಪ್ಲೊಮಾ ಅದು. ದೂರಶಿಕ್ಷಣವಾದ್ದರಿಂದ ಕೆಲಸ ಬಿಡಬೇಕಿಲ್ಲ. ಇನ್ನೊಂದು, ದೆಹಲಿಯ ನೀಪಾ (ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆ) ನಡೆಸುವ ಶಾಲಾ ನಾಯಕತ್ವದ ಆನ್‌ಲೈನ್ ಕೋರ್ಸ್. ಅದು ಉಚಿತ, ಹಾಗಾಗಿ ಅದರಿಂದಲೇ ಶುರು ಮಾಡಿ. ಸಿಬಿಎಸ್‌ಇ ಟೀಚರ್‌ಗಳಿಗೆ ವರ್ಷಕ್ಕೆ 50 ಗಂಟೆ ತರಬೇತಿ ಹೇಗೂ ಕಡ್ಡಾಯ ಅಲ್ವಾ? ಈ ಸಲ ಅದರಲ್ಲಿ ಆಡಳಿತದ ವಿಷಯಗಳನ್ನೇ ಆರಿಸಿಕೊಳ್ಳಿ. ಎಂ.ಎಡ್. ಒಳ್ಳೆಯ ಓದೇ, ಆದರೆ ಕಾಲೇಜಿಗೆ ಹೋಗಬೇಕು. ಈಗ ನಿಮಗದು ಬೇಡ.

ಇವೆಲ್ಲಕ್ಕಿಂತ ಜಾಸ್ತಿ ತೂಕ ಇರುವುದು ಆಫೀಸ್ ರೂಮಿನ ಕೆಲಸಕ್ಕೆ. ಬೆಳಿಗ್ಗೆ ಮೂವರು ಟೀಚರ್ ರಜೆ ಹಾಕಿದರೆ ಯಾವ ಕ್ಲಾಸಿಗೆ ಯಾರನ್ನು ಕಳಿಸುವುದು? ಟೈಮ್‌ಟೇಬಲ್ ಮುಂದಿಟ್ಟುಕೊಂಡು ಹತ್ತು ನಿಮಿಷದಲ್ಲಿ ತೀರ್ಮಾನಿಸಬೇಕು. ಮಗುವಿನ ಹೆಸರು ಆಧಾರ್‌ನಲ್ಲಿ ಒಂಥರಾ, ಶಾಲೆಯ ದಾಖಲೆಯಲ್ಲಿ ಇನ್ನೊಂಥರಾ ಇದ್ದರೆ ರಾಜ್ಯದ ವಿದ್ಯಾರ್ಥಿ ದಾಖಲೆಗಳ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ನಲ್ಲಿ ಅದನ್ನು ಹೇಗೆ ಸರಿಪಡಿಸುವುದು? ದೇಶದ ಶಾಲೆಗಳ ಅಂಕಿಅಂಶ ಸಂಗ್ರಹಿಸುವ ಯುಡೈಸ್‌ಗೆ ಮಾಹಿತಿ ತುಂಬುವುದು, ಟಿಸಿ ಕೊಡುವುದು, ಬಸ್ ತಡವಾದಾಗ ಸಿಟ್ಟಾದ ಅಪ್ಪ-ಅಮ್ಮಂದಿರ ಜೊತೆ ಮಾತಾಡುವುದು, ಇದನ್ನೆಲ್ಲ ಯಾವ ಕೋರ್ಸೂ ಪೂರ್ತಿ ಕಲಿಸುವುದಿಲ್ಲ. ನಿವೃತ್ತರಾಗುವ ನಿಮ್ಮ ಮೇಡಂ ಹತ್ತಿರ ಕೂತು ಈ ವರ್ಷವೇ ಕಲಿಯಿರಿ. ಅವರು ಹೋದ ಮೇಲೆ ಕೇಳಲು ಯಾರೂ ಇರುವುದಿಲ್ಲ.

ಆದರೆ ಇಂಥ ಜವಾಬ್ದಾರಿಯನ್ನು ಸುಮ್ನೆ ಬಾಯಿಮಾತಿನಲ್ಲಿ ಒಪ್ಪಿಕೊಳ್ಳಬೇಡಿ. ಎಷ್ಟೋ ಟೀಚರ್‌ಗಳು ವರ್ಷಗಟ್ಟಲೆ ಪರೀಕ್ಷೆಯ ಜವಾಬ್ದಾರಿ ಹೊತ್ತಿರುತ್ತಾರೆ. ಅನುಭವ ಪತ್ರದಲ್ಲಿ ಮಾತ್ರ ‘ಸಹಶಿಕ್ಷಕಿ’ ಎಂದಷ್ಟೇ ಇರುತ್ತದೆ. ನೋಡಿದಾಗ ಹೊಟ್ಟೆ ಉರಿಯುತ್ತದೆ. ‘ಅಕಾಡೆಮಿಕ್ ಕೋಆರ್ಡಿನೇಟರ್’ ಎಂದೋ ‘ಪರೀಕ್ಷಾ ಉಸ್ತುವಾರಿ’ ಎಂದೋ ತಾರೀಕು, ಸಹಿ, ಸೀಲು ಇರುವ ಆದೇಶ ಕೇಳಿ ಪಡೆಯಿರಿ. ನಾಳೆ ಬೇರೆ ಶಾಲೆಯ ಸಂದರ್ಶನಕ್ಕೆ ಹೋದರೂ ಆ ಹಾಳೆ ನಿಮ್ಮ ಫೈಲಿನಲ್ಲಿ ಇರುತ್ತದೆ.