ಟ್ರ್ಯಾಕ್‌ನಲ್ಲಿ ಓಡಿಸಿದ ಮೇಲೆ ಕಾರಿನ ಬಣ್ಣಕ್ಕೆ ಅಂಟಿದ ಟೈರ್ ರಬ್ಬರ್ ತೆಗೆಯುವುದು ಹೇಗೆ?

ಶ್ರೀಪೆರಂಬದೂರು ಬಳಿಯ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕ್‌ನಿಂದ ಮರಳಿದ ಕಾರಿನ ಮೇಲೆ ಕರಿ ಗೆರೆಗಳನ್ನು ಕಂಡು ಗಾಬರಿಯಾಗಬೇಡಿ. ಬಹುಪಾಲು ಅವು ಗೀರುಗಳಲ್ಲ; ಬಿಸಿಯಾಗಿ ಮೆತ್ತಗಾದ ರಬ್ಬರ್ ಬಣ್ಣಕ್ಕೆ ಮೆತ್ತಿಕೊಂಡಿರುತ್ತದೆ. ಬೆರಳಾಡಿಸಿದರೆ ತಾಗುವುದು ಉಬ್ಬು, ತಗ್ಗಲ್ಲ. ಉಗುರಿನಿಂದ ಕೆರೆಯುವ ಆಸೆಯನ್ನು ತಡೆದುಕೊಳ್ಳಿ.

ಮೊದಲು ಶಾಂಪೂ ನೀರಿನಿಂದ ಮರಳು, ದೂಳು ಹೋಗುವಂತೆ ತೊಳೆಯಿರಿ. ನೆರಳಿನಲ್ಲಿ, ತಗಡು ತಣ್ಣಗಾದ ಮೇಲೆ, ಟಾರ್ ರಿಮೂವರ್‌ನಲ್ಲಿ (ಡಾಂಬರು ಕಲೆ ತೆಗೆಯುವ ದ್ರಾವಣ) ತೋಯಿಸಿದ ಮೈಕ್ರೋಫೈಬರ್ ಬಟ್ಟೆಯನ್ನು ಕಲೆಯ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿದು, ಹಗುರವಾಗಿ ಒರೆಸಿ. ಬಟ್ಟೆ ಕಪ್ಪಾದಂತೆ ಮಡಿಕೆ ಬದಲಿಸುತ್ತಿರಿ. ಇಲ್ಲದಿದ್ದರೆ ಅದೇ ಕೊಳೆಯನ್ನು ಮತ್ತೆ ಬಳಿದಂತಾಗುತ್ತದೆ. ಹಟಮಾರಿ ಚುಕ್ಕೆಗಳಿಗೆ ಕ್ಲೇ ಬಾರ್ ಇದೆ, ಅಂದರೆ ಅಂಟಿದ ಕೊಳೆಯನ್ನು ಎತ್ತಿಕೊಳ್ಳುವ ಜೇಡಿಮಣ್ಣಿನಂಥ ಮೆತ್ತನೆಯ ಮುದ್ದೆ. ಥಿನ್ನರ್ ಮಾತ್ರ ಬೇಡ, ಯಾರು ಎಷ್ಟೇ ಹೇಳಲಿ. ರಬ್ಬರ್ ಜೊತೆಗೆ ಹಳೆಯ ವ್ಯಾಕ್ಸ್ ಕೂಡ ಎದ್ದುಹೋಗಿರುತ್ತದೆ. ಮತ್ತೊಮ್ಮೆ ತೊಳೆದು, ಒಣಗಿಸಿ, ಹೊಸದಾಗಿ ಹಚ್ಚಿ.