ಆನಿ ಆಲ್ಬರ್ಸ್ ಅವರ ಮುದ್ರಣಚಿತ್ರಗಳಲ್ಲಿ ಇಂಕಾ ಅವಶೇಷಗಳು ಎಲ್ಲಿವೆ?

ಆನಿ ಆಲ್ಬರ್ಸ್ ಅವರ ‘ರೆಡ್ ಮಿಯಾಂಡರ್’ ಸ್ಕ್ರೀನ್ ಪ್ರಿಂಟಿಗೆ (ಜಾಲರಿಯ ಮೂಲಕ ಬಣ್ಣ ಹಾಯಿಸಿ ಮಾಡುವ ಮುದ್ರಣ) ದಕ್ಷಿಣ ಅಮೆರಿಕದ ಪ್ರಾಚೀನ ಇಂಕಾ ಜನರ ಕಲ್ಲುಕಟ್ಟಡಗಳ ಅವಶೇಷಗಳೇ ಪ್ರೇರಣೆ ಎಂದು ಓದಿದ ನಿಮಗೆ, ಅದರಲ್ಲಿ ಕೆಂಪು ತಿರುವುಗಳ ಹೊರತು ಒಂದು ಕಲ್ಲೂ ಕಾಣಲಿಲ್ಲವೆಂದು ಬರೆದಿದ್ದೀರಿ. ನಿಮ್ಮ ಕಣ್ಣು ಸರಿಯಾಗಿಯೇ ಇದೆ. ನೀವು ಓದಿದ ಮಾತು ಮಾತ್ರ ಅರ್ಧ ಸತ್ಯವೆಂದು ನನ್ನ ಅಭಿಪ್ರಾಯ.

ಆನಿ ಮೂಲತಃ ನೇಕಾರ್ತಿ. 1922ರಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯನ್ನು ಸೇರಿದ ಅವರು, 1933ರಲ್ಲಿ ನಾಜಿಗಳ ಒತ್ತಡದಿಂದ ಅದು ಮುಚ್ಚಿದಾಗ ಕಲಾವಿದರಾದ ಪತಿ ಯೋಸೆಫ್ ಅವರೊಡನೆ ಅಮೆರಿಕಕ್ಕೆ ಹೋದರು. 1935ರಿಂದ ಮೆಕ್ಸಿಕೊವನ್ನು ಮತ್ತೆ ಮತ್ತೆ ಸುತ್ತಿದ ದಂಪತಿ 1953ರಲ್ಲಿ ಪೆರುವಿಗೂ ಹೋದರು. ಅಲ್ಲಿ ಆನಿಯವರನ್ನು ಹೆಚ್ಚು ಹಿಡಿದಿಟ್ಟದ್ದು ಹಳೆಯ ಬಟ್ಟೆಗಳೇ ಎನ್ನಬೇಕು. 1965ರಲ್ಲಿ ಪ್ರಕಟವಾದ ನೇಯ್ಗೆಯ ಕುರಿತ ತಮ್ಮ ಗ್ರಂಥವನ್ನು ಅವರು ಪ್ರಾಚೀನ ಪೆರುವಿನ ನೇಕಾರರಿಗೆ, ಅವರನ್ನು ತಮ್ಮ ಗುರುಗಳೆಂದು ಕರೆದು, ಅರ್ಪಿಸಿದ್ದಾರೆ. ಆ ಬಟ್ಟೆಗಳಲ್ಲಿ ಎಷ್ಟೋ ಇಂಕಾ ಸಾಮ್ರಾಜ್ಯಕ್ಕಿಂತ ಶತಮಾನಗಳಷ್ಟು ಹಳೆಯವು. ಆದುದರಿಂದ ಎಲ್ಲದಕ್ಕೂ ‘ಇಂಕಾ’ ಎಂಬ ಹಣೆಪಟ್ಟಿ ಹಚ್ಚುವುದು ಸರಿಯಲ್ಲ.

ಆದರೂ ಕಲ್ಲಿಗೂ ಈ ಗೆರೆಗಳಿಗೂ ನಂಟಿಲ್ಲವೆನ್ನಲಾರೆ. ಇಂಕಾಗಳ ರಾಜಧಾನಿಯಾಗಿದ್ದ, ಪೆರುವಿನ ಕುಸ್ಕೊ ನಗರದ ಹಾತುನ್ ರುಮಿಯೋಕ್ ಬೀದಿಯಲ್ಲಿ ಅವರು ಕಟ್ಟಿದ ಗೋಡೆಯಲ್ಲಿ ಹನ್ನೆರಡು ಮೂಲೆಗಳ ಒಂದು ಕಲ್ಲಿದೆ. ಗಾರೆಯ ಸೋಂಕೇ ಇಲ್ಲದೆ, ನೆರೆಯ ಕಲ್ಲುಗಳ ಅಂಚಿಗೆ ತನ್ನ ಅಂಚನ್ನು ಒಗ್ಗಿಸಿಕೊಂಡು ಅದು ಕೂತಿದೆ. ಅಂಥ ಗೋಡೆಯಲ್ಲಿ ಬೇರೆ ಅಲಂಕಾರವಿಲ್ಲ, ಸಂದುಗಳ ಗೆರೆಯೇ ಅಲಂಕಾರ. ಕಟ್ಟುವ ಕ್ರಮವೇ ವಿನ್ಯಾಸವಾಗುವ ಈ ಗುಣವನ್ನು ಆನಿಯವರ ಕೃತಿಗಳಲ್ಲಿಯೂ ನಾನು ಕಾಣುತ್ತೇನೆ.

‘ರೆಡ್ ಮಿಯಾಂಡರ್’ ಮೊದಲು 1954ರಲ್ಲಿ ಮಗ್ಗದ ಮೇಲೆ ಹುಟ್ಟಿದ ಬಟ್ಟೆ. 1963ರಲ್ಲಿ ಲಾಸ್ ಏಂಜಲೀಸಿನ ಟ್ಯಾಮರಿಂಡ್ ಲಿಥೋಗ್ರಫಿ (ಕಲ್ಲಚ್ಚು ಮುದ್ರಣ) ಕಾರ್ಯಾಗಾರಕ್ಕೆ ಪತಿಯೊಡನೆ ಹೋದಾಗ, ಅದನ್ನು ನಡೆಸುತ್ತಿದ್ದ ಜೂನ್ ವೇಯ್ನ್ ಅವರು ಆನಿಗೂ ಕೈಯಾಡಿಸಿ ನೋಡಲು ಹೇಳಿದರು. ಮರುವರ್ಷ ಬಂದ ‘ಲೈನ್ ಇನ್ವಾಲ್ವ್‌ಮೆಂಟ್ಸ್’ ಮಾಲೆಯಲ್ಲಿ ದಾರವು ಹಾಸು-ಹೊಕ್ಕುಗಳ ಕಟ್ಟು ಕಳಚಿ, ಗಂಟು ಹಾಕಿಕೊಳ್ಳುತ್ತ ತನ್ನಿಷ್ಟದಂತೆ ಹರಿಯುತ್ತದೆ. 1970ರ ಸುಮಾರಿಗೆ ಅವರು ಮಗ್ಗವನ್ನೇ ಬಿಟ್ಟರು. ಅದೇ ಹೊತ್ತಿಗೆ ಹಳೆಯ ‘ಮಿಯಾಂಡರ್’ ಕೆಂಪಿನ ಗಾಢ, ತಿಳಿ ಛಾಯೆಗಳ ಪದರಗಳಾಗಿ ಕಾಗದಕ್ಕೆ ಬಂತು.

ಮುದ್ರಣಚಿತ್ರದಲ್ಲಿ ಅವಶೇಷವನ್ನೇ ನೋಡಬೇಕೆಂದಿದ್ದರೆ ಯೋಸೆಫ್ ಅವರ 1942ರ ‘ಟು ಮಾಂಟೆ ಆಲ್ಬಾನ್’ ಲಿಥೋಗ್ರಾಫ್ ನೋಡಿ. ಬರೀ ನೇರ ಗೆರೆಗಳಲ್ಲೇ ಮೆಟ್ಟಿಲು ಮೆಟ್ಟಿಲಾದ ಜಗತಿಗಳು ಏಳುತ್ತವೆ, ಇಳಿಯುತ್ತವೆ. ಆದರೆ ಅದು ಮೆಕ್ಸಿಕೊದ ಸಪೋಟೆಕ್ ಜನರ ತಾಣ, ಇಂಕಾಗಳದ್ದಲ್ಲ.