ಹಳೆ ಟರ್ಬೊ ಕಾರು, ಉಪ್ಪುಗಾಳಿ, ಘಟ್ಟದ ರಸ್ತೆ: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಶಿರಸಿಯವನು, ವಯಸ್ಸು 27. ವಾರಕ್ಕೆ ಎರಡು ಸಲ ಕುಮಟಾಕ್ಕೆ ಹೋಗಿ ಬರಬೇಕು. ಹುಬ್ಬಳ್ಳಿಯಲ್ಲಿ 2016ರ ಪೋಲೊ ಜಿಟಿ ಟಿಎಸ್‌ಐ ಇದೆ, ಆಟೋಮ್ಯಾಟಿಕ್, 68 ಸಾವಿರ ಕಿ.ಮೀ. ಓಡಿದೆ. ಓಡಿಸಿ ನೋಡಿದ ಮೇಲೆ ಮನಸ್ಸು ಅಲ್ಲೇ ಉಳಿದಿದೆ. ಮನೆಯಲ್ಲಿ ಬೇಡ ಅಂತಾರೆ. ತಗೊಳ್ಳಲಾ?

ಉತ್ತರ: ತಮ್ಮಾ, ಮನಸ್ಸು ಉಳಿದಿದ್ದರಲ್ಲಿ ಆಶ್ಚರ್ಯ ಇಲ್ಲ. 1.2 ಲೀಟರ್ ಟರ್ಬೊ ಇಂಜಿನ್ (ಟರ್ಬೊ ಅಂದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ), 105 ಪಿಎಸ್ ಶಕ್ತಿ, 175 ಎನ್‌ಎಂ ಟಾರ್ಕ್ ಅಂದರೆ ತಿರುಗಿಸುವ ಬಲ, ಏಳು ಗೇರಿನ ಡಿಎಸ್‌ಜಿ ಅನ್ನುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್. 2013ರಲ್ಲಿ ಬಂದಾಗ ನಮ್ಮ ಕಡೆ ಅಂಥ ಕಾರೇ ಇರಲಿಲ್ಲ. ದೇವಿಮನೆ ಘಟ್ಟದಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡು, ಸ್ವಲ್ಪ ನೇರ ರಸ್ತೆ ಕಂಡ ಕೂಡಲೇ ಕಾಲು ಒತ್ತಿದರೆ ಅದು ಎದ್ದು ಹೋಗುವ ರೀತಿ ನನಗೂ ಗೊತ್ತು. ಆದರೆ ನೀವು ತಗೊಳ್ಳುತ್ತಿರುವುದು ಆ ಇಂಜಿನ್ನನ್ನು ಮಾತ್ರ ಅಲ್ಲ, ಅದರ ಗೇರ್‌ಬಾಕ್ಸನ್ನೂ. ನನ್ನ ಹೆದರಿಕೆ ಎಲ್ಲ ಅಲ್ಲಿದೆ.

ಈ ಡಿಎಸ್‌ಜಿ ಒಳಗೆ ಎರಡು ಕ್ಲಚ್ ಇವೆ. ಒಂದು, ಮೂರು, ಐದು, ಏಳಕ್ಕೆ ಒಂದು ಕ್ಲಚ್, ಉಳಿದವಕ್ಕೆ ಇನ್ನೊಂದು. ಎರಡೂ ಡ್ರೈ, ಅಂದರೆ ಎಣ್ಣೆಯಲ್ಲಿ ಮುಳುಗಿರುವುದಿಲ್ಲ. ಹಾಗಾಗಿ ನಿಂತು ನಿಂತು ಹೋಗುವ ಟ್ರಾಫಿಕ್ಕಿನಲ್ಲಿ, ಏರಿನಲ್ಲಿ ಇಂಚಿಂಚು ಹತ್ತುವಾಗ, ಕ್ಲಚ್ ಬೇಗ ಬಿಸಿಯಾಗುತ್ತದೆ, ಬೇಗ ಸವೆಯುತ್ತದೆ. ಇವನ್ನೆಲ್ಲ ನಡೆಸುವ ಮೆಕಾಟ್ರಾನಿಕ್ ಅನ್ನುವ ಭಾಗ ಕೈ ಕೊಟ್ಟು ಹೊಸದು ಹಾಕಿಸಬೇಕಾಗಿ ಬಂದರೆ ಖರ್ಚು ಲಕ್ಷ ರೂಪಾಯಿ ದಾಟುತ್ತದೆ. ಹುಬ್ಬಳ್ಳಿಯ ಪೇಟೆಯಲ್ಲಿ ಇಷ್ಟು ವರ್ಷ ಓಡಿದ ಕಾರು ಅಂದರೆ ಇದನ್ನು ನೋಡದೆ ಮುಂಗಡ ಕೊಡಬೇಡಿ.

ನೋಡುವುದು ಹೇಗೆ? ಬೆಳಿಗ್ಗೆ ಹೋಗಿ. ಹಿಂದಿನ ದಿನವೇ ಮಾಲೀಕರಿಗೆ ಹೇಳಿ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಯಾರೋ ಮೊದಲೇ ಬಿಸಿ ಮಾಡಿ ಇಟ್ಟಿದ್ದಾರೆ ಅಂತ ಅರ್ಥ, ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣಗಿದ್ದರೆ ಸ್ಟಾರ್ಟ್ ಮಾಡಿ, ಗೇರ್ ಲಿವರನ್ನು ಡಿಗೆ (ಡ್ರೈವ್) ಹಾಕಿ, ಆಕ್ಸಿಲರೇಟರ್ ಮುಟ್ಟದೆ ಬ್ರೇಕನ್ನು ನಿಧಾನ ಬಿಡಿ. ಕಾರು ಮೆತ್ತಗೆ ಮುಂದೆ ಹೋಗಬೇಕು, ನಡುಗಬಾರದು. ಒಂದರಿಂದ ಎರಡಕ್ಕೆ ಹೋಗುವಾಗ ಜರ್ಕ್ ಆಗುತ್ತದಾ, ರಿವರ್ಸ್ ಹಾಕಿದಾಗ ಟಕ್ ಅನ್ನುತ್ತದಾ, ಇವೆರಡನ್ನೂ ಗಮನಿಸಿ. ಆಮೇಲೆ ಅರ್ಧ ಗಂಟೆ ಚೆನ್ನಾಗಿ ಓಡಿಸಿ, ಕಾರು ಪೂರ್ತಿ ಬಿಸಿಯಾದ ಮೇಲೆ ಒಂದು ಏರಿನಲ್ಲಿ ನಿಲ್ಲಿಸಿ ಇದನ್ನೇ ಮತ್ತೆ ಮಾಡಿ. ತಣ್ಣಗಿದ್ದಾಗ ಸರಿ ಇದ್ದ ಕಾರು ಬಿಸಿಯಾದಾಗ ನಡುಗಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಸರ್ವಿಸ್ ದಾಖಲೆ ಕೇಳುವಾಗ ಒಂದು ಲೆಕ್ಕ ಹಾಕಿ. ಈ ಕಾರಿಗೆ 15 ಸಾವಿರ ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಸರ್ವಿಸ್. ತುಂಬಾ ಜನ ಬರೀ ಕಿಲೋಮೀಟರ್ ನೋಡುತ್ತಾರೆ. 68 ಸಾವಿರಕ್ಕೆ ನಾಲ್ಕು ಸಲ ಆಯಿಲ್ ಬದಲಾಗಿದೆ, ಸರಿಯಾಯ್ತಲ್ಲ ಅಂತಾರೆ. ಸರಿಯಾಗಿಲ್ಲ. 2016ರ ಕಾರಿಗೆ ವರ್ಷಕ್ಕೊಂದರಂತೆ ಬಿಲ್ ಇರಬೇಕು. ಟರ್ಬೊ ತಿರುಗುವುದು ನಿಮಿಷಕ್ಕೆ ಲಕ್ಷ ಸುತ್ತಿನ ಲೆಕ್ಕದಲ್ಲಿ, ಅದನ್ನು ಕಾಯುವುದು ಅದೇ ಆಯಿಲ್. ಬಾನೆಟ್ ತೆಗೆದಾಗ ಗುಲಾಬಿ ಬಣ್ಣದ ಕೂಲಂಟ್ ಒಣಗಿದ ಕಲೆ ಎಲ್ಲಾದರೂ ಇದೆಯಾ ಅಂತ ಟಾರ್ಚ್ ಹಾಕಿ ನೋಡಿ.

ಎಲ್ಲ ಸರಿ ಇದ್ದರೆ ತಗೊಳ್ಳಿ, ಆದರೆ ಕಾರಿನ ಬೆಲೆಯ ಮೇಲೆ ಒಂದು ಲಕ್ಷ ರೂಪಾಯಿ ಬೇರೆ ಇಟ್ಟುಕೊಂಡು ತಗೊಳ್ಳಿ. ಆ ಲಕ್ಷ ಇಲ್ಲ ಅಂದರೆ ಈ ಕಾರು ಬೇಡ, ಮನೆಯವರು ಹೇಳಿದ್ದೇ ಸರಿ. ಸ್ವಲ್ಪ ಜಾಸ್ತಿ ಹಣ ಹೊಂದಿಸಲು ಆಗುತ್ತದೆ ಅಂದರೆ 2020ರಿಂದ 2022ರೊಳಗಿನ ಪೋಲೊ, 1.0 ಲೀಟರ್ ಟಿಎಸ್‌ಐ, ಆರು ಗೇರಿನ ಮ್ಯಾನುವಲ್ ಹುಡುಕಿ. 110 ಪಿಎಸ್. ಮೂರು ಸಿಲಿಂಡರ್, ಕೆಳಗಿನ ಆರ್‌ಪಿಎಂನಲ್ಲಿ ಸ್ವಲ್ಪ ಎಳೆಯುವುದಿಲ್ಲ, ಗೇರ್ ಇಳಿಸಬೇಕಾಗುತ್ತದೆ. ಆದರೆ ಕ್ಲಚ್ ಹೋದರೆ ಹಾಕಿಸುವುದು ಗೊತ್ತಿರುವ ಕೆಲಸ. ವಾರಕ್ಕೆ ಎರಡು ಸಲ ಘಟ್ಟ ಇಳಿದು ಹತ್ತುವವರಿಗೆ ನಾನು ಹೇಳುವುದು ಅದನ್ನೇ. ಪೋಲೊ 2022ರಲ್ಲೇ ಇಲ್ಲಿ ನಿಂತುಹೋಯಿತು, ಹಾಗಾಗಿ ಒಳ್ಳೆಯದು ಸಿಗುವ ತನಕ ಕಾಯಬೇಕಾಗಬಹುದು. ಕಾಯಿರಿ.

ಪ್ರಶ್ನೆ: ನಮ್ಮ ಮನೆ ಕಾರವಾರದಲ್ಲಿ. ಮಡಗಾಂವ್‌ನಲ್ಲಿ ಗೋವಾ ನಂಬರಿನ 2017ರ ಬಲೆನೊ ಆರ್‌ಎಸ್ ನೋಡಿದ್ದೇನೆ. ಇಲ್ಲಿಗಿಂತ ಅಗ್ಗ. ಗೋವಾ ನಂಬರಿನಲ್ಲೇ ಇಟ್ಟುಕೊಂಡರೆ ತೊಂದರೆ ಇದೆಯಾ? ಕಾರು ಹೊಳೆಯುತ್ತಾ ಇದೆ.

ಉತ್ತರ: ಆ ಅಗ್ಗದಲ್ಲಿ ಅರ್ಧ ತೆರಿಗೆಯದ್ದು. ಕಾರು ಕಾಯಂ ಕಾರವಾರದಲ್ಲಿ ಇರುವುದಾದರೆ ಅದು ಕೆಎ-30 ಆಗಲೇಬೇಕು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಹೊಸ ನೋಂದಣಿ ಮಾಡಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. ಅದಕ್ಕೆ ಗೋವಾದ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ಬೇಕು, ಅದು ಫಾರ್ಮ್ 28. ಸಾಲ ಇದ್ದ ಕಾರಾದರೆ ಬ್ಯಾಂಕಿನಿಂದ ಫಾರ್ಮ್ 35 ಬೇಕು. ಮಾರಾಟಕ್ಕೆ 29 ಮತ್ತು 30. ಇಲ್ಲಿಗೆ ತಂದ ಮೇಲೆ ಕರ್ನಾಟಕದ ತೆರಿಗೆ ಕಟ್ಟಬೇಕು, ಅದನ್ನು ಕಾರಿನ ಮೂಲ ಬೆಲೆ ಮತ್ತು ವಯಸ್ಸು ನೋಡಿ ಹಾಕುತ್ತಾರೆ. ಗೋವಾದಲ್ಲಿ ಕಟ್ಟಿದ ತೆರಿಗೆಯ ಉಳಿದ ಪಾಲನ್ನು ವಾಪಸ್ ಕೇಳಬಹುದು. ಆದರೆ ಅದು ಬರುತ್ತದೆ ಅಂತ ನಂಬಿ ಬೆಲೆ ನಿಗದಿ ಮಾಡಬೇಡಿ. ಮೊದಲು ಕಾರವಾರದ ಆರ್‌ಟಿಒಗೆ ಆರ್‌ಸಿ ಪ್ರತಿ ತೋರಿಸಿ ತೆರಿಗೆ ಎಷ್ಟು ಅಂತ ಕೇಳಿ. ಅದನ್ನು ಸೇರಿಸಿದ ಮೇಲೂ ಅಗ್ಗ ಅನಿಸಿದರೆ ಮುಂದಿನ ಮಾತು. ಎನ್‌ಒಸಿ ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ.

ಇನ್ನು ಹೊಳೆಯುವ ವಿಷಯ. ಕರಾವಳಿಯ ಕಾರನ್ನು ಮೇಲಿನಿಂದ ನೋಡಿ ಏನೂ ಹೇಳಲಿಕ್ಕೆ ಆಗುವುದಿಲ್ಲ. ಒಂದು ಮಳೆಗಾಲದ ಮೊದಲು ಕಡಲ ಬದಿಯ ಒಂದು ಕೆಂಪು ಕಾರನ್ನು ರ‍್ಯಾಂಪಿಗೆ ಹತ್ತಿಸಿದ್ದೆ. ತಗೊಳ್ಳುವ ಹುಡುಗ ಪಕ್ಕದಲ್ಲೇ ನಿಂತಿದ್ದ. ಪೇಂಟಿನಲ್ಲಿ ಮುಖ ಕಾಣುತ್ತಿತ್ತು. ಕೆಳಗೆ ಎಲ್ಲ ಹೊಸ ಕಪ್ಪು ಬಣ್ಣ ಹೊಡೆದಿದ್ದರು, ಇನ್ನೂ ವಾಸನೆ ಹೋಗಿರಲಿಲ್ಲ. ಹಿಂದಿನ ಸ್ಪ್ರಿಂಗ್ ಕೂರುವ ಜಾಗಕ್ಕೆ ಸ್ಕ್ರೂಡ್ರೈವರಿನ ಹಿಂಭಾಗದಿಂದ ಮೆಲ್ಲಗೆ ಕುಟ್ಟಿದೆ. ಗಟ್ಟಿ ತಗಡು ಠಣ್ ಅನ್ನಬೇಕು. ಇದು ಒದ್ದೆ ಮರದ ಹಾಗೆ ಸದ್ದು ಮಾಡಿತು. ಎರಡನೇ ಏಟಿಗೆ ಅಂಗೈ ಅಗಲದ ಕಪ್ಪು ಪದರ ಹಪ್ಪಳದ ಹಾಗೆ ಕಳಚಿ ಬಿತ್ತು. ಒಳಗೆ ಬರೀ ಕಂದು ಪುಡಿ. ಹುಡುಗ ಅದನ್ನು ಕೈಯಲ್ಲಿ ಎತ್ತಿಕೊಂಡು ತುಂಬಾ ಹೊತ್ತು ನೋಡಿದ. ಆ ಸ್ಪ್ರಿಂಗ್ ಹೆದ್ದಾರಿಯಲ್ಲಿ 100ರ ವೇಗದಲ್ಲಿ ಕುಸಿದಿದ್ದರೆ ಅಂತ ನನಗೆ ಈಗಲೂ ಅನಿಸುತ್ತದೆ.

ಹಾಗಾಗಿ ಐನೂರೋ ಸಾವಿರವೋ ರೂಪಾಯಿ ಕೊಟ್ಟಾದರೂ ಕಾರನ್ನು ಎತ್ತಿ ನೋಡಿ. ಬ್ರೇಕ್ ಪೈಪ್ ಮತ್ತು ಅದರ ಜೋಡಣೆ, ಹಿಂದಿನ ಬೀಮ್, ಸೈಲೆನ್ಸರ್ ಬೋಲ್ಟ್, ಬಾಗಿಲ ಕೆಳಗಿನ ಅಂಚು, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ. ಕೆಳಗೆ ಹೊಸದಾಗಿ ಕಪ್ಪು ಬಳಿದಿದ್ದರೆ ಯಾಕೆ ಅಂತ ಕೇಳಿ. ಬಲೆನೊ ಆರ್‌ಎಸ್‌ಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದೆ, ಅದು ದೊಡ್ಡ ಅನುಕೂಲ. ಆದರೆ ಉಪ್ಪುಗಾಳಿಗೆ ಹಿಂದಿನ ಕ್ಯಾಲಿಪರ್ (ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಅದರ ಪಿನ್ ಸಿಕ್ಕಿಕೊಂಡು ಹಿಡಿದುಕೊಳ್ಳುತ್ತದೆ. ಸ್ವಲ್ಪ ಓಡಿಸಿ ನಿಲ್ಲಿಸಿ, ಚಕ್ರದ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಸುಡುವಷ್ಟು ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ.

ನೆರೆ ನೀರು ಹೊಕ್ಕ ಕಾರುಗಳೂ ನಮ್ಮ ಜಿಲ್ಲೆಯಲ್ಲಿ ಮಾರಾಟಕ್ಕೆ ಬಂದಿವೆ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಊರುಗಳು, 2021ರ ಜುಲೈನಲ್ಲಿ ಗಂಗಾವಳಿ ದಂಡೆಯ ಊರುಗಳು ಮುಳುಗಿದವಲ್ಲ. ಸೀಟ್ ಬೆಲ್ಟನ್ನು ಪೂರ್ತಿ ಎಳೆಯಿರಿ, ಕೊನೆಯ ಒಂದು ಗೇಣಿನಲ್ಲಿ ಮಣ್ಣಿನ ಗೆರೆ ಇದ್ದರೆ ಮಾತಾಡದೆ ವಾಪಸ್ ಬನ್ನಿ. ಸೀಟು ಎಷ್ಟು ತೊಳೆದರೂ ಆ ಗೆರೆ ಹೋಗುವುದಿಲ್ಲ.

ಪ್ರಶ್ನೆ: ಮಾರುವವರು ಇಂಜಿನ್ ರಿಮ್ಯಾಪ್ ಮಾಡಿಸಿದ್ದೇವೆ, ಪಿಕಪ್ ಜಾಸ್ತಿ ಇದೆ ಅಂತಾರೆ. ಇದು ಒಳ್ಳೆಯದಾ?

ಉತ್ತರ: ರಿಮ್ಯಾಪ್ ಅಂದರೆ ಶಕ್ತಿ ಹೆಚ್ಚಲಿ ಅಂತ ಇಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸುವುದು. ನಾನು ಅಂಥ ಕಾರು ತಗೊಳ್ಳುವುದಿಲ್ಲ. ಕಂಪನಿ ಲೆಕ್ಕ ಹಾಕಿ ಇಟ್ಟದ್ದಕ್ಕಿಂತ ಜಾಸ್ತಿ ಟಾರ್ಕ್ ಇಷ್ಟು ದಿನ ಕ್ಲಚ್, ಗೇರ್‌ಬಾಕ್ಸ್, ಟರ್ಬೊ ಮೇಲೆ ಬಿದ್ದಿದೆ. ಅದರ ಬಿಲ್ ಬರುವುದು ನಿಮ್ಮ ಕೈಗೆ. ವಿಮೆಯವರಿಗೆ ತಿಳಿಸದೆ ಮಾಡಿಸಿದ್ದರೆ ಅಪಘಾತವಾದಾಗ ತಕರಾರು ತೆಗೆಯುತ್ತಾರೆ. ಹೇಳಿ ಮಾರುವವರು ಪ್ರಾಮಾಣಿಕರು, ಮೆಚ್ಚಬೇಕು. ಆದರೂ ಬೇಡ.

ಪ್ರಶ್ನೆ: ಅಂಕೋಲಾದಿಂದ ಬರೆಯುತ್ತಿದ್ದೇನೆ. ಮಗನಿಗೆ 22. ಮೊದಲ ಸಂಬಳದ ಉಳಿತಾಯದಲ್ಲಿ ಇಂಥ ಓಟದ ಕಾರೇ ಬೇಕು ಅಂತ ಹಟ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ಅಕ್ಕಾ, ನಿಮ್ಮ ಭಯ ಸರಿಯಾದದ್ದೇ. ಬೇಡ ಅಂದರೆ ಅವನು ಸ್ನೇಹಿತರ ಕಾರು ಓಡಿಸುತ್ತಾನೆ, ಅದರ ಟೈರ್ ಹೇಗಿದೆ ಅಂತ ನಿಮಗೆ ಗೊತ್ತಾಗುವುದಿಲ್ಲ. ನಾನಾಗಿದ್ದರೆ ಒಪ್ಪಿ, ಮೂರು ಷರತ್ತು ಹಾಕುತ್ತಿದ್ದೆ. ಮೊದಲನೆಯದು, ಇಎಸ್‌ಪಿ ಇರುವ ಕಾರು. ಮಳೆಯಲ್ಲಿ ತಿರುವಿನಲ್ಲಿ ಕಾರು ಜಾರಲು ಶುರುವಾದರೆ ಅದು ಒಂದೊಂದು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಹಾಕಿ ದಾರಿಗೆ ತರುತ್ತದೆ. ಪೋಲೊ ಜಿಟಿ ಟಿಎಸ್‌ಐಗೆ ಇತ್ತು, ಬಲೆನೊ ಆರ್‌ಎಸ್‌ಗೆ ಇಲ್ಲ. ಎರಡನೆಯದು, ಕಾರು ಮನೆಗೆ ಬರುವ ಮೊದಲು ಟೈರ್. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ ನಾಲ್ಕೂ ಬದಲಾಯಿಸಿ, ಟೈರಿನ ಮೇಲಿನ ಗೀರು ಎಷ್ಟೇ ಆಳ ಉಳಿದಿರಲಿ, ರಬ್ಬರ್ ಗಟ್ಟಿಯಾಗಿರುತ್ತದೆ. ಮಳೆ ನೀರು ನಿಂತ ಹೆದ್ದಾರಿಯಲ್ಲಿ ಗಟ್ಟಿ ರಬ್ಬರ್ ಹಿಡಿಯುವುದಿಲ್ಲ.

ಮೂರನೆಯದು, ಮೊದಲ ಮೂರು ತಿಂಗಳು ರಾತ್ರಿ ಹೆದ್ದಾರಿ ಬೇಡ. ಅಂಕೋಲಾ ಕಾರವಾರ ನಡುವೆ ರಾತ್ರಿ ದನಗಳು ರಸ್ತೆ ಮೇಲೆಯೇ ಮಲಗಿರುತ್ತವೆ. ಅವನ ಜೊತೆ ಒಂದು ಸಲ ಅರಬೈಲ್ ಘಟ್ಟ ಇಳಿದು ನೋಡಿ. ಗೇರ್ ಇಳಿಸಿ ಇಂಜಿನ್ ಹಿಡಿತದಲ್ಲಿ ಬರುತ್ತಾನಾ, ಬರೀ ಬ್ರೇಕ್ ಒತ್ತಿ ಒತ್ತಿ ಬರುತ್ತಾನಾ? ಗೇರಿನಲ್ಲಿ ಇಳಿಸುವವನಾದರೆ ಸ್ವಲ್ಪ ನಿದ್ದೆ ಬರಬಹುದು ನಿಮಗೆ. ವಿಮೆ ಹದಿನಾಲ್ಕು ದಿನದೊಳಗೆ ಅವನ ಹೆಸರಿಗೆ ಮಾಡಿಸಿ, ಹಳೆ ಮಾಲೀಕರ ನೋ ಕ್ಲೇಮ್ ಬೋನಸ್ ಅವನಿಗೆ ಬರುವುದಿಲ್ಲ, ಆ ವ್ಯತ್ಯಾಸದ ಹಣ ಕಟ್ಟಬೇಕಾಗುತ್ತದೆ.

ಪ್ರಶ್ನೆ: ಸಿದ್ದಾಪುರದ ಹತ್ತಿರ ಹಳ್ಳಿ. ಟಿಯಾಗೊ ಜೆಟಿಪಿ ತಗೊಂಡೆ, ತುಂಬಾ ಖುಷಿ ಇದೆ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುವುದರಿಂದ ಕಾರು ಮೂರು ವಾರ ಊರಲ್ಲೇ ನಿಂತಿರುತ್ತದೆ. ಮಳೆಗಾಲಕ್ಕೆ ಏನು ಮಾಡಲಿ?

ಉತ್ತರ: ಒಳ್ಳೆಯ ಕಾರು ತಗೊಂಡಿದ್ದೀರಿ. 2018ರಲ್ಲಿ ಬಂದು ಬೇಗ ನಿಂತುಹೋಯಿತು, 114 ಪಿಎಸ್ ಅಷ್ಟು ಚಿಕ್ಕ ಕಾರಿನಲ್ಲಿ. ಇಂಜಿನ್ ನೆಕ್ಸಾನ್ ಪೆಟ್ರೋಲಿನದ್ದೇ ಬಳಗ, ಅದರ ಸಾಮಾನು ಸಿಗುತ್ತದೆ. ಬಂಪರ್, ಸ್ಪ್ರಿಂಗ್‌ನಂಥ ಜೆಟಿಪಿಯದ್ದೇ ಆದ ಭಾಗಗಳು ಕಷ್ಟ, ಹಾಗಾಗಿ ಮುಂದಿನ ಬಂಪರನ್ನು ಮಗುವಿನ ಹಾಗೆ ನೋಡಿಕೊಳ್ಳಿ.

ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಮಳೆಗಾಲದ ತೇವಕ್ಕೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಮ ಜಾಗದಲ್ಲಿ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಟ್ಯಾಂಕ್ ತುಂಬಿಸಿಡಿ. ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥೆನಾಲ್ ಇದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಟ್ಯಾಂಕ್ ಖಾಲಿ ಇದ್ದಷ್ಟೂ ಒಳಗೆ ಗಾಳಿ ಜಾಸ್ತಿ, ತೇವವೂ ಜಾಸ್ತಿ. ನಿಮ್ಮದು ಈ ಪೆಟ್ರೋಲ್ ಬರುವ ಮೊದಲಿನ ಕಾರು, ಹಾಗಾಗಿ ಸರ್ವಿಸ್ ಮಾಡಿಸುವಾಗ ಪೆಟ್ರೋಲ್ ಪೈಪಿನ ರಬ್ಬರ್ ಮೆತ್ತಗಾಗಿದೆಯಾ ಅಂತ ನೋಡಲು ಹೇಳಿ. ವೈಪರಿನ ಕೆಳಗಿನ ಜಾಲರಿಯಲ್ಲಿ ದರಕು (ಒಣಗಿದ ಎಲೆ) ತುಂಬಿದರೆ ನೀರು ಹೋಗುವ ತೂತು ಕಟ್ಟಿ ಒಳಗಿನ ಕಾರ್ಪೆಟ್ ಒದ್ದೆಯಾಗುತ್ತದೆ, ಸೀಟಿಗೆ ಬೂಷ್ಟು ಹಿಡಿಯುತ್ತದೆ. ಊರಿಂದ ಹೊರಡುವ ದಿನ ಅದನ್ನು ಕೈ ಹಾಕಿ ತೆಗೆಯಿರಿ.

ಇಲಿಯದ್ದು ದೊಡ್ಡ ಕಾಟ. ಅಡಿಕೆ ಒಣಗಿಸುವ ಅಟ್ಟದ ಕೆಳಗೆ, ಭತ್ತದ ಚೀಲದ ಹತ್ತಿರ ನಿಲ್ಲಿಸಬೇಡಿ. ಮನೆಯಲ್ಲಿ ಅಪ್ಪಯ್ಯನೋ ಆಯಿಯೋ ಇದ್ದರೆ ವಾರಕ್ಕೊಮ್ಮೆ ಬಾನೆಟ್ ಎತ್ತಿ, ಕಾರನ್ನು ಹತ್ತು ಹದಿನೈದು ನಿಮಿಷ ಸ್ಟಾರ್ಟ್ ಮಾಡಿ, ಸಾಧ್ಯ ಇದ್ದರೆ ಗೇಟಿನ ತನಕ ಹೋಗಿ ಬರಲು ಹೇಳಿ. ಸ್ಟಾರ್ಟ್ ಮಾಡುವ ಮೊದಲು ಪೆಟ್ರೋಲ್ ವಾಸನೆ ಇದೆಯಾ ನೋಡಲಿ. ಇಲಿ ವೈರ್ ಬಿಟ್ಟು ಪೆಟ್ರೋಲ್ ಪೈಪ್ ಕಡಿದಿದ್ದೂ ಇದೆ. ವಾಸನೆ ಬಂದರೆ ಕೀ ತಿರುಗಿಸದೆ ನಿಮಗೆ ಫೋನ್ ಮಾಡಲಿ.